ಕಾಲುವೆ ಬೇಲಿ ಪಕ್ಕದಲ್ಲೇ ಇದೆ, ನೀರು ನಮ್ಮದಾ? ಕೊಲೊರಾಡೊದಲ್ಲಿ ಜಮೀನು ಕೊಳ್ಳುವ ಮೊದಲು ನೀರಿನ ಹಕ್ಕು ನೋಡುವುದು ಹೇಗೆ

ಡೆನ್ವರ್‌ನಲ್ಲಿರುವ ಗೆಳೆಯನೊಬ್ಬ ಹೋದ ತಿಂಗಳು ಫೋನ್ ಮಾಡಿದ್ದ. ಗ್ರ್ಯಾಂಡ್ ಜಂಕ್ಷನ್ ಹತ್ತಿರ 5 ಎಕರೆ ಜಮೀನು ನೋಡಿ ಬಂದಿದ್ದಾನೆ. ಅರ್ಧ ಪೀಚ್ ತೋಟ, ಅರ್ಧ ಖಾಲಿ. "ಕಾಲುವೆ ಬೇಲಿ ಪಕ್ಕದಲ್ಲೇ ಇದೆ ಅಣ್ಣ, ತುಂಬಿ ಹರೀತಿದೆ, ನೀರಿನ ಯೋಚನೆನೇ ಇಲ್ಲ" ಅಂದ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಆ ಕಾಲುವೇಲಿ ಆ ಜಮೀನಿನ ಷೇರು ಎಷ್ಟು? ಅದರ ಇಸವಿ ಯಾವುದು?" ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪ್ಯಾಲಿಸೇಡ್ ಹತ್ತಿರ ತೋಟ ಕೊಂಡಾಗ ನನಗೂ ಅರ್ಥವಾಗಿರಲಿಲ್ಲ. ಅವನಿಗೆ ಎರಡು ಗಂಟೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇಲ್ಲಿಗೆ ಬಂದು ನಾಲ್ಕೆಂಟು ಎಕರೆ ಕೊಳ್ಳಬೇಕು ಅಂತ ಆಸೆ ಇಟ್ಟುಕೊಂಡ ನಮ್ಮವರು ಈಗ ಜಾಸ್ತಿಯಾಗುತ್ತಿದ್ದಾರೆ.

ಮೊದಲು ನಮ್ಮೂರಿನ ಲೆಕ್ಕ ಬಿಟ್ಟುಬಿಡಿ. ಮಂಡ್ಯದ ಕಡೆ ನಾಲೆ ಅಚ್ಚುಕಟ್ಟಿನ ಗದ್ದೆ ಕೊಂಡರೆ ನೀರಿನ ಸರದಿ ಗದ್ದೆಯ ಜೊತೆಗೇ ಬರುತ್ತದೆ. ತೋಟ ಕೊಂಡರೆ ಅದರೊಳಗಿನ ಬೋರ್‌ವೆಲ್ ನಿಮ್ಮದೇ. ಕೊಲೊರಾಡೊದಲ್ಲಿ ಜಮೀನು ಒಂದು ಆಸ್ತಿ, ನೀರು ಇನ್ನೊಂದು ಆಸ್ತಿ. ಜಮೀನು ಮಾರಿ ನೀರನ್ನು ಇಟ್ಟುಕೊಳ್ಳಬಹುದು. ನೀರನ್ನು ಮಾರಿ ಜಮೀನನ್ನು ಒಣಗಲು ಬಿಡಬಹುದು. ಹಾಗೆ ಮಾರಿದ ಮೇಲೆ ಕಾಲುವೆ ನಿಮ್ಮ ಅಂಗಳದೊಳಗೇ ಹರಿದರೂ ಅದರಿಂದ ಒಂದು ಬಕೆಟ್ ಎತ್ತುವ ಹಕ್ಕು ನಿಮಗಿಲ್ಲ.

ಈ ಕಾನೂನು ಎಲ್ಲಿಂದ ಬಂತು ಅಂತ ಸ್ವಲ್ಪ ತಿಳಿದರೆ ಉಳಿದದ್ದೆಲ್ಲ ಸುಲಭ. 1879 ಬರದ ವರ್ಷ. ಸೇಂಟ್ ವ್ರೇನ್ ಹೊಳೆ ದಂಡೆಯ ರೈತರು ಮೇಲ್ಗಡೆ ಹೋಗಿ ಲೆಫ್ಟ್ ಹ್ಯಾಂಡ್ ಡಿಚ್ ಕಂಪನಿ ಕಟ್ಟಿದ್ದ ಒಡ್ಡನ್ನು ಒಡೆದು ಹಾಕಿದರು. ಕಂಪನಿ ಆ ನೀರನ್ನು ಪಕ್ಕದ ಕಣಿವೆಗೆ ತಿರುಗಿಸುತ್ತಿತ್ತು. ಹೊಳೆ ಹರಿಯುವುದು ನಮ್ಮ ಹೊಲದ ಪಕ್ಕದಲ್ಲಿ, ಹಾಗಾಗಿ ನೀರು ನಮ್ಮದು ಅನ್ನುವುದು ದಂಡೆಯವರ ವಾದ. 1882ರಲ್ಲಿ ಕೊಲೊರಾಡೊ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹೊಳೆಯಿಂದ ಯಾರು ಮೊದಲು ನೀರು ತೆಗೆದು ಉಪಯೋಗಕ್ಕೆ ಹಚ್ಚಿದರೋ ಅವರದು ಮೊದಲ ಹಕ್ಕು, ಹೊಲ ಎಷ್ಟೇ ದೂರವಿರಲಿ ಅಂತ ತೀರ್ಪು ಕೊಟ್ಟಿತು. ನನ್ನ ಗೆಳೆಯ "ಬೇಲಿ ಪಕ್ಕದಲ್ಲೇ ಇದೆ" ಅಂದನಲ್ಲ, ಅದು ಅವತ್ತೇ ಸೋತ ವಾದ.

ಹಾಗಾಗಿ ಇಲ್ಲಿ ನೀರಿಗೆ ವಯಸ್ಸಿದೆ. ಹೊಳೆಯಲ್ಲಿ ನೀರು ಕಡಿಮೆಯಾದಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿತ ಮಾಡುವುದಿಲ್ಲ. ಹಳೇ ಇಸವಿಯವರಿಗೆ ಪೂರ್ತಿ, ಹೊಸ ಇಸವಿಯವರಿಗೆ ಸೊನ್ನೆ. ರಾಜ್ಯದ ಅತಿ ಹಳೆಯ ಹಕ್ಕು ದಕ್ಷಿಣದ ಸ್ಯಾನ್ ಲೂಯಿಸ್ ಊರಿನ ಪೀಪಲ್ಸ್ ಡಿಚ್ ಅನ್ನುವ ಕಾಲುವೆಯದು, 1852ರ ಏಪ್ರಿಲ್ 10ನೇ ತಾರೀಕಿನದು. ನಮ್ಮ ಗ್ರ್ಯಾಂಡ್ ವ್ಯಾಲಿಯ ಹಳೇ ದೊಡ್ಡ ಕಾಲುವೆಯದು 1882. ಆ ಇಸವಿಯನ್ನು ಇಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಇಲ್ಲಿನ ಮೂಲನಿವಾಸಿಗಳಾದ ಯೂಟ್ ಜನರನ್ನು ಈ ಕಣಿವೆಯಿಂದ ಹೊರಗಟ್ಟಿದ್ದು ಅದರ ಹಿಂದಿನ ವರ್ಷ, 1881ರ ಸೆಪ್ಟೆಂಬರ್‌ನಲ್ಲಿ. "ಮೊದಲು ಬಂದವರು" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆ ಒಂದು ವರ್ಷ ನೆನಪಾಗುತ್ತದೆ. ಇಲ್ಲಿ ನೀರು ಕಟ್ಟುವವರು ಅದನ್ನೂ ತಿಳಿದಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇಸವಿ ಓದುವುದು

ಹಕ್ಕಿನ ಮೂಲ ಕಾಗದಕ್ಕೆ ಡಿಕ್ರಿ ಅನ್ನುತ್ತಾರೆ. ನೀರಿಗೇ ಇಲ್ಲಿ ಬೇರೆ ಕೋರ್ಟ್ ಇದೆ. 1969ರ ಕಾಯ್ದೆಯಲ್ಲಿ ರಾಜ್ಯವನ್ನು ನದಿಗಳ ಪ್ರಕಾರ 7 ವಿಭಾಗ ಮಾಡಿ, ಪ್ರತಿಯೊಂದಕ್ಕೂ ಒಂದು ವಾಟರ್ ಕೋರ್ಟ್, ಒಬ್ಬ ಡಿವಿಜನ್ ಎಂಜಿನಿಯರ್ ಅಂತ ಇಟ್ಟರು. ಕೊಲೊರಾಡೊ ನದಿಯ ನಮ್ಮ ಭಾಗ ವಿಭಾಗ 5, ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಲ್ಲಿದೆ.

ಡಿಕ್ರಿಯಲ್ಲಿ ಎರಡು ತಾರೀಕು ಇರುತ್ತದೆ. ಒಂದು, ಕಾಲುವೆ ತೋಡಲು ಶುರು ಮಾಡಿದ್ದು. ಇನ್ನೊಂದು, ಕೋರ್ಟ್ ಆ ಹಕ್ಕನ್ನು ದಾಖಲು ಮಾಡಿದ್ದು. ಮಾರುವವರು ಯಾವಾಗಲೂ ಮೊದಲನೇದನ್ನೇ ಹೇಳುತ್ತಾರೆ. "1889ರ ಕಾಲುವೆ ಇದು" ಅಂತ. ಆದರೆ ಕೋರ್ಟಿಗೆ ಹೋಗಿದ್ದು 1950ರ ದಶಕದಲ್ಲಿ ಆಗಿದ್ದರೆ, ಅಷ್ಟರೊಳಗೆ ದಾಖಲಾದವರೆಲ್ಲ ನಿಮಗಿಂತ ಮುಂದೆ ನಿಂತಿರುತ್ತಾರೆ. ಕ್ಯೂನಲ್ಲಿ ನಿಮ್ಮ ಜಾಗ ನಿರ್ಧಾರವಾಗುವುದು ಎರಡೂ ಸೇರಿ.

ಇದನ್ನು ತಪ್ಪಿಲ್ಲದೆ ಓದಲು ಒಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ರಾಜ್ಯದ ಜಲಸಂಪನ್ಮೂಲ ಇಲಾಖೆಯ ವೆಬ್‌ಸೈಟಿನಲ್ಲಿ ಕಾಲುವೆಯ ಹೆಸರು ಹಾಕಿ ಹುಡುಕಿದರೆ ಪ್ರತಿ ಹಕ್ಕಿಗೂ ಒಂದು ಅಡ್ಮಿನಿಸ್ಟ್ರೇಶನ್ ನಂಬರ್ ಸಿಗುತ್ತದೆ. ಅದು ಬೇರೇನೂ ಅಲ್ಲ, 1849ರ ಡಿಸೆಂಬರ್ 31ರಿಂದ ಎಣಿಸಿದ ದಿನಗಳು. ಪೀಪಲ್ಸ್ ಡಿಚ್‌ನ ತಾರೀಕನ್ನು ಹೀಗೆ ಎಣಿಸಿದರೆ 831 ಬರುತ್ತದೆ. ನಂಬರ್ ಸಣ್ಣದಾದಷ್ಟೂ ಹಕ್ಕು ಹಿರಿಯದು. ಚುಕ್ಕಿಯ ನಂತರ ಬರೀ ಸೊನ್ನೆಗಳಿದ್ದರೆ ಒಳ್ಳೆಯದು. ಚುಕ್ಕಿಯ ನಂತರವೂ ಅಂಕಿಗಳಿದ್ದರೆ, ಉದಾಹರಣೆಗೆ 22729.21241 ಅಂತ ಇದ್ದರೆ, ಹೀಗೆ ಓದಿ. ಕೆಲಸ ಶುರುವಾಗಿದ್ದು 21241ನೇ ದಿನ, ಅಂದರೆ 1908ರ ಫೆಬ್ರವರಿ 27. ಆದರೆ ಕ್ಯೂನಲ್ಲಿ ನಿಂತಿರುವುದು 22729ನೇ ದಿನದ ಜಾಗದಲ್ಲಿ, ಅಂದರೆ 1912ರ ಮಾರ್ಚ್ 25. ನಾಲ್ಕು ವರ್ಷ ಹಿಂದೆ ಬಿದ್ದ ಹಾಗೆ. ಸುಮ್ನೆ ನಾಲ್ಕು ವರ್ಷ ಅನ್ನಿಸಬಹುದು, ಆದರೆ ಆ ನಾಲ್ಕು ವರ್ಷದಲ್ಲಿ ಮೇಲ್ಗಡೆ ಯಾರೋ ದೊಡ್ಡ ಕಾಲುವೆ ತೋಡಿರುತ್ತಾರೆ.

ಇನ್ನೊಂದು ಪದ ನೋಡಿಕೊಳ್ಳಿ. ಹಕ್ಕು "ಆಬ್ಸೊಲ್ಯೂಟ್" ಅಂತ ಇದೆಯಾ, "ಕಂಡೀಶನಲ್" ಅಂತ ಇದೆಯಾ? ಮೊದಲನೇದು ನಿಜವಾಗಿ ನೀರು ಬಳಸಿ ಸಾಬೀತು ಮಾಡಿದ್ದು. ಎರಡನೇದು ಮುಂದೆ ಬಳಸುತ್ತೇನೆ ಅಂತ ಜಾಗ ಹಿಡಿದಿಟ್ಟದ್ದು. ಪ್ರತಿ 6 ವರ್ಷಕ್ಕೊಮ್ಮೆ ಕೋರ್ಟಿಗೆ ಹೋಗಿ, ಕೆಲಸ ನಡೀತಿದೆ ಅಂತ ತೋರಿಸದಿದ್ದರೆ ಅದು ಬಿದ್ದುಹೋಗುತ್ತದೆ. ತೋಟಕ್ಕೆ ನೀರು ಬೇಕಾದವರು ಕಂಡೀಶನಲ್ ಹಕ್ಕಿಗೆ ದುಡ್ಡು ಕೊಡಬೇಡಿ.

1922ರ ಗೆರೆ

ಕೊಲೊರಾಡೊ ನದಿಯಲ್ಲಿ ಮಾತ್ರ ನೋಡಬೇಕಾದ ಇನ್ನೊಂದು ತಾರೀಕು ಇದೆ. 1922ರ ನವೆಂಬರ್ 24. ಅವತ್ತು ಸ್ಯಾಂಟಾ ಫೆಯಲ್ಲಿ 7 ರಾಜ್ಯಗಳ ಪ್ರತಿನಿಧಿಗಳು ನದಿಯನ್ನು ಹಂಚಿಕೊಂಡು ಸಹಿ ಹಾಕಿದರು. ಮೇಲಿನ ಭಾಗಕ್ಕೆ 75 ಲಕ್ಷ ಎಕರೆ ಅಡಿ, ಕೆಳಗಿನ ಭಾಗಕ್ಕೆ 75 ಲಕ್ಷ ಎಕರೆ ಅಡಿ. ಒಂದು ಎಕರೆಯ ಮೇಲೆ ಒಂದು ಅಡಿ ಆಳ ನಿಲ್ಲುವಷ್ಟು ನೀರು ಒಂದು ಎಕರೆ ಅಡಿ. ಕಾವೇರಿ ಲೆಕ್ಕದಲ್ಲಿ ಹೇಳಬೇಕೆಂದರೆ ತಲಾ ಸುಮಾರು 327 ಟಿಎಂಸಿ. 1944ರಲ್ಲಿ ಮೆಕ್ಸಿಕೋಗೆ ಇನ್ನೂ 15 ಲಕ್ಷ ಎಕರೆ ಅಡಿ ಅಂತ ಮಾತು ಕೊಟ್ಟರು. ಒಟ್ಟು 165 ಲಕ್ಷ. ನದಿಯಲ್ಲಿ 2000ದಿಂದೀಚೆಗೆ ವರ್ಷಕ್ಕೆ ಸರಾಸರಿ ಬರುತ್ತಿರುವುದು ಸುಮಾರು 125 ಲಕ್ಷ. ಹಂಚಿಕೆ ಮಾಡುವಾಗ ಲೆಕ್ಕಕ್ಕೆ ಹಿಡಿದದ್ದು ತುಂಬಾ ಮಳೆ ಹಿಮ ಬಿದ್ದ ವರ್ಷಗಳನ್ನು. ಆ ತಪ್ಪಿನ ಬೆಲೆಯನ್ನು ಈಗ ಎಲ್ಲರೂ ತೆರುತ್ತಿದ್ದೇವೆ. 1960ರ ದಶಕದಿಂದೀಚೆಗೆ ಈ ನದಿ ಬಹುತೇಕ ವರ್ಷ ಸಮುದ್ರವನ್ನೇ ಮುಟ್ಟುತ್ತಿಲ್ಲ.

ಕೊಳ್ಳುವವರಿಗೆ ಇದರಿಂದ ಏನು? ಒಪ್ಪಂದಕ್ಕಿಂತ ಮುಂಚೆಯೇ ಬಳಕೆಗೆ ಬಂದಿದ್ದ ಹಕ್ಕುಗಳಿಗೆ ಒಪ್ಪಂದದಿಂದ ಧಕ್ಕೆ ಇಲ್ಲ ಅಂತ ಅದರಲ್ಲೇ ಬರೆದಿದೆ. ಕೆಳಗಿನ ರಾಜ್ಯಗಳಿಗೆ ಕೊಡಬೇಕಾದ ನೀರು ಕೊಡಲಾಗದೆ ಮೇಲಿನ ರಾಜ್ಯಗಳಲ್ಲಿ ಕಡಿತ ಮಾಡುವ ಪರಿಸ್ಥಿತಿ ಇಲ್ಲಿಯವರೆಗೆ ಬಂದಿಲ್ಲ. ಆದರೆ 2021ರ ಆಗಸ್ಟ್‌ನಲ್ಲಿ ಕೆಳಗಿನ ಭಾಗಕ್ಕೆ ಚರಿತ್ರೆಯಲ್ಲೇ ಮೊದಲ ಸಲ ನೀರಿನ ಕೊರತೆ ಘೋಷಣೆಯಾಯಿತು, 2022ರ ಬೇಸಿಗೆಯಲ್ಲಿ ಲೇಕ್ ಮೀಡ್ ಕಾಲುಭಾಗದಷ್ಟು ಮಾತ್ರ ತುಂಬಿತ್ತು. ಆ ಜಲಾಶಯ ತುಂಬಿದರೆ ಇಪ್ಪತ್ತಕ್ಕೂ ಹೆಚ್ಚು ಕೆಆರ್‌ಎಸ್ ಆಗುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡು ಈ ಮಾತು ಓದಿ. ಎರಡು ಜಮೀನು ಒಂದೇ ಬೆಲೆಗೆ ಇದ್ದು, ಒಂದರ ನೀರು 1922ಕ್ಕಿಂತ ಹಿಂದಿನದು, ಇನ್ನೊಂದರದು ಆಮೇಲಿನದು ಆದರೆ ನಾನು ಯೋಚನೆಯನ್ನೇ ಮಾಡುವುದಿಲ್ಲ.

ಕಾಗದಗಳು, ಮತ್ತು ನನಗಾದದ್ದು

ನಮ್ಮ ಕಣಿವೆಯಲ್ಲಿ ಹೆಚ್ಚಿನ ರೈತರ ಹೆಸರಲ್ಲಿ ನೇರವಾಗಿ ಡಿಕ್ರಿ ಇರುವುದಿಲ್ಲ. ಹಕ್ಕು ಕಾಲುವೆ ಕಂಪನಿಯ ಹೆಸರಲ್ಲಿ, ರೈತರು ಅದರ ಷೇರುದಾರರು. ಲಾಭಕ್ಕೆ ನಡೆಯುವ ಕಂಪನಿ ಅಲ್ಲ, ನಮ್ಮ ಸಹಕಾರ ಸಂಘದ ಹಾಗೆ. ಷೇರಿಗೆ ಇಷ್ಟು ನೀರು, ಷೇರಿಗೆ ಇಷ್ಟು ವಾರ್ಷಿಕ ವಂತಿಗೆ. ಒಂದು ಕಂಪನಿಯ ಒಂದು ಷೇರಿಗೂ ಇನ್ನೊಂದರ ಒಂದು ಷೇರಿಗೂ ಸಂಬಂಧವೇ ಇಲ್ಲ, ಹಾಗಾಗಿ "ಹತ್ತು ಷೇರು ಇದೆ" ಅನ್ನುವ ಮಾತಿಗೆ ಅದೊಂದರಿಂದಲೇ ಅರ್ಥವಿಲ್ಲ. ಗವರ್ನ್‌ಮೆಂಟ್ ಹೈಲೈನ್ ಕಾಲುವೆಯಂಥ ಫೆಡರಲ್ ಯೋಜನೆಯ ನೀರು ಮಾತ್ರ ಸಾಮಾನ್ಯವಾಗಿ ಜಮೀನಿಗೆ ಅಂಟಿಕೊಂಡಿರುತ್ತದೆ. ನೀವು ನೋಡಿದ ಜಮೀನು ಯಾವ ಕಾಲುವೆಯ ಕೆಳಗಿದೆ ಅನ್ನುವುದನ್ನು ಮೊದಲ ದಿನವೇ ಕೇಳಿ. ಇಲ್ಲಿ ಒಂದೇ ರಸ್ತೆಯ ಎರಡು ಬದಿಗೆ ಎರಡು ಕಾಲುವೆ, ಎರಡು ಕಾನೂನು ಇರುತ್ತದೆ.

ನಾನು ಕೊಂಡಾಗ ಏಜೆಂಟರು "ನೀರು ಸೇರಿದೆ" ಅಂದರು. ಕ್ರಯಪತ್ರದಲ್ಲೂ "ಜಮೀನಿಗೆ ಸೇರಿದ ಎಲ್ಲ ನೀರಿನ ಹಕ್ಕುಗಳ ಸಮೇತ" ಅಂತ ಒಂದು ಸಾಲು ಇತ್ತು. ಓದಲು ಚೆನ್ನಾಗಿದೆ ಅಲ್ವಾ? ಆ ಸಾಲಿನಲ್ಲಿ ಏನೂ ಇಲ್ಲ. ಸೇರಿದ್ದು ಎಷ್ಟು ಅಂತ ಅದು ಹೇಳುವುದೇ ಇಲ್ಲ. ನಾನು ಕೊಂಡ ಜಮೀನಿಗೆ ಒಂದು ಕಾಲದಲ್ಲಿ 8 ಷೇರು ಇದ್ದವು, ಹಿಂದಿನ ಮಾಲೀಕರಿಗೂ ಹಿಂದಿನವರು ಅದರಲ್ಲಿ 4 ಮಾರಿಬಿಟ್ಟಿದ್ದರು. ನನಗೆ ಗೊತ್ತಾಗಿದ್ದು ಕಾಗದದಿಂದ ಅಲ್ಲ, ಜುಲೈ ಎರಡನೇ ವಾರದಲ್ಲಿ. ಬೆಳಗಿನ ಜಾವ 5 ಗಂಟೆಗೆ ತೂಬು ಎತ್ತಿದೆ. ಒಂದೊಂದೇ ಸಾಲಿಗೆ ನೀರು ಬಿಡುತ್ತಾ ಹೋದೆ. ಒಂಬತ್ತನೇ ಸಾಲಿನ ಅರ್ಧಕ್ಕೆ ಬಂದು ನೀರು ನಿಂತುಬಿಟ್ಟಿತು, ನೆಲ ಕುಡೀತಾ ಇತ್ತು, ಮುಂದಕ್ಕೆ ಹರಿಯುತ್ತಿರಲಿಲ್ಲ. ಆಮೇಲಿನ ಸಾಲುಗಳ ಪೀಚ್ ಎಲೆಗಳು ಉದ್ದಕ್ಕೆ ಒಳಮಡಚಿ ಜೋತು ಬಿದ್ದವು. ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ನಿಂತುಬಿಟ್ಟಿತು. ಆ ವರ್ಷ ಪಕ್ಕದ ತೋಟದ ಅಜ್ಜ ತಮ್ಮ 2 ಷೇರನ್ನು ಬಾಡಿಗೆಗೆ ಕೊಟ್ಟಿದ್ದರಿಂದ ಗಿಡಗಳಾದರೂ ಉಳಿದವು. ಫಸಲು ಉಳಿಯಲಿಲ್ಲ.

ಅದಕ್ಕೇ ಹೇಳುವುದು, ಈ ಕೆಲಸಗಳನ್ನು ಸಹಿ ಹಾಕುವ ಮೊದಲು ನೀವೇ ಮಾಡಿ. ಮಾರುವವರ ಹತ್ತಿರ ಷೇರು ಸರ್ಟಿಫಿಕೇಟ್ ಕೇಳಿ, ಅದರ ನಂಬರ್ ಬರೆದುಕೊಳ್ಳಿ. ಅದನ್ನು ಹಿಡಿದು ಕಾಲುವೆ ಕಂಪನಿಯ ಆಫೀಸಿಗೆ ಹೋಗಿ. ಫೋನ್ ಸಾಲದು, ಹೋಗಿ. ಅವರ ಪುಸ್ತಕದಲ್ಲಿ ಆ ನಂಬರ್ ಯಾರ ಹೆಸರಲ್ಲಿದೆ, ಎಷ್ಟು ಷೇರು, ವಂತಿಗೆ ಬಾಕಿ ಇದೆಯಾ, ಬ್ಯಾಂಕಿಗೆ ಅಡ ಇಟ್ಟಿದ್ದಾರಾ, ಒಣಗಿದ ವರ್ಷದಲ್ಲಿ ಒಂದು ಷೇರಿಗೆ ನಿಜವಾಗಿ ಎಷ್ಟು ನೀರು ಬಂದಿದೆ ಅಂತ ಕೇಳಿ. ಸರ್ಟಿಫಿಕೇಟ್ ಕಳೆದುಹೋಗಿದೆ ಅಂದರೆ ಹೊಸದು ಮಾಡಿಸಿ ಕೊಡುವವರೆಗೆ ಕಾಯಿರಿ. ಆಮೇಲೆ ಕೌಂಟಿಯ ನೋಂದಣಿ ಕಚೇರಿಗೆ ಹೋಗಿ ಹಳೇ ಕ್ರಯಪತ್ರಗಳನ್ನು ಹಿಂದಕ್ಕೆ ಹಿಂದಕ್ಕೆ ಓದಿ, ನಮ್ಮಲ್ಲಿ ಇಸಿ ತೆಗೆಸಿದ ಹಾಗೆ. ಎಲ್ಲಾದರೂ ಒಬ್ಬರು ಜಮೀನು ಕೊಟ್ಟು ನೀರನ್ನು ಇಟ್ಟುಕೊಂಡಿದ್ದರೆ ಅಲ್ಲೇ ಸಿಗುತ್ತದೆ. ಟೈಟಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ಸುಮ್ಮನಾಗಬೇಡಿ, ನೀರಿನ ಹಕ್ಕನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿರುತ್ತಾರೆ. ಖರೀದಿ ಕರಾರಿನಲ್ಲಿ ನೀರಿಗೆ ಅಂತಲೇ ಒಂದು ಭಾಗ ಇರುತ್ತದೆ. ಅದನ್ನು ಖಾಲಿ ಬಿಡಬಾರದು. ಕಂಪನಿಯ ಹೆಸರು, ಸರ್ಟಿಫಿಕೇಟ್ ನಂಬರ್, ಷೇರಿನ ಸಂಖ್ಯೆ ಮೂರನ್ನೂ ಬರೆಸಿ.

ನೇರ ಡಿಕ್ರಿ ಇರುವ ಜಮೀನು, ಅಥವಾ ಷೇರನ್ನು ಬೇರೆ ಕಡೆಯಿಂದ ತಂದು ಈ ಹೊಲಕ್ಕೆ ಹಾಕುವ ಆಲೋಚನೆ ಇದ್ದರೆ ನೀರಿನ ವಕೀಲರು ಬೇಕೇ ಬೇಕು. ನೀರು ತೆಗೆಯುವ ಜಾಗ ಅಥವಾ ಬಳಕೆ ಬದಲಾಯಿಸುವುದು ವಾಟರ್ ಕೋರ್ಟಿನ ಕೆಲಸ, ಬೇರೆ ಯಾರಿಗೂ ನಷ್ಟವಾಗುವುದಿಲ್ಲ ಅಂತ ತೋರಿಸಬೇಕು, ವರ್ಷಗಟ್ಟಲೆ ಹಿಡಿಯುತ್ತದೆ.

ಹೊಲದಲ್ಲಿ ನಿಂತು ನೋಡುವುದು

ಕಾಗದದ ನೀರು ಬೇರೆ, ಒದ್ದೆ ನೀರು ಬೇರೆ. ಜಮೀನು ನೋಡಲು ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಹೋಗಿ. ಮೇ ತಿಂಗಳಲ್ಲಿ ಹಿಮ ಕರಗಿ ಎಲ್ಲ ಕಾಲುವೆಯೂ ತುಂಬಿಯೇ ಇರುತ್ತದೆ, ಆಗ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗ್ರ್ಯಾಂಡ್ ಜಂಕ್ಷನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 9 ಇಂಚು. ಕಾಲುವೆ ಇಲ್ಲದಿದ್ದರೆ ಇಲ್ಲಿ ಪೀಚ್ ಅಲ್ಲ, ಹುಲ್ಲೂ ಬೆಳೆಯುವುದು ಕಷ್ಟ.

ದೊಡ್ಡ ಕಾಲುವೆಯಿಂದ ನಿಮ್ಮ ಹೊಲದವರೆಗೆ ಹೊಲಗಾಲುವೆಯನ್ನು ಪೂರ್ತಿ ನಡೆದು ನೋಡಿ. ನಿಮಗಿಂತ ಮೇಲೆ ಎಷ್ಟು ತೂಬುಗಳಿವೆ, ಕೆಳಗೆ ಎಷ್ಟು ಜನ ಇದ್ದಾರೆ ಎಣಿಸಿ. ಕೊನೆ ಭಾಗದ ರೈತರ ಪಾಡು ಇಲ್ಲಿಯೂ ಅದೇ. ಹೊಲಗಾಲುವೆ ಹೂಳು ತುಂಬಿದೆಯಾ, ಇಲಿ ಬಿಲಗಳಿಂದ ಸೋರುತ್ತಿದೆಯಾ, ತೂಬಿನ ಹಲಗೆ ಎತ್ತಿದರೆ ಏಳುತ್ತದೆಯಾ ನೋಡಿ.

ಅಳತೆ ಮಾಡುವ ತೊಟ್ಟಿ ಇದೆಯಾ ನೋಡಿ. ಇಲ್ಲಿ ಎಲ್ಲೆಡೆ ಕಾಣುವುದು ಪಾರ್ಶಲ್ ಫ್ಲೂಮ್. ಫೋರ್ಟ್ ಕಾಲಿನ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ರಾಲ್ಫ್ ಪಾರ್ಶಲ್ 1920ರ ದಶಕದಲ್ಲಿ ಮಾಡಿದ್ದು. ಬಾಯಿ ಅಗಲ, ನಡುವೆ ಸಣ್ಣ ಕುತ್ತಿಗೆ, ಆಮೇಲೆ ಮತ್ತೆ ಅಗಲ. ಒಳಗೋಡೆಗೆ ಒಂದು ಅಳತೆಪಟ್ಟಿ ಅಂಟಿಸಿರುತ್ತಾರೆ. ಕುತ್ತಿಗೆ 1 ಅಡಿ ಇರುವ ಫ್ಲೂಮ್‌ನಲ್ಲಿ ನೀರು 0.4 ಅಡಿ ನಿಂತರೆ ಸುಮಾರು 1 ಕ್ಯೂಸೆಕ್. ಅದು 0.2 ಅಡಿಗೆ ಇಳಿದರೆ ಅರ್ಧ ಕ್ಯೂಸೆಕ್ ಅಂದುಕೊಳ್ಳಬೇಡಿ, ಮೂರನೇ ಒಂದು ಭಾಗ ಮಾತ್ರ. ಕಣ್ಣಿಗೆ ಮೂರು ಬೆರಳು ಕಡಿಮೆಯಾದ ಹಾಗೆ ಕಾಣುತ್ತದೆ, ಹೊಲದಲ್ಲಿ ಹತ್ತು ಸಾಲು ಒಣಗುತ್ತದೆ. ಫ್ಲೂಮ್ ಒಂದು ಕಡೆಗೆ ವಾಲಿದ್ದರೆ, ಅಥವಾ ಅದರ ಕೆಳಗೆ ಕಳೆ ಬೆಳೆದು ನೀರು ಹಿಂದಕ್ಕೆ ನಿಂತಿದ್ದರೆ ಆ ಅಳತೆಯನ್ನು ನಂಬಬೇಡಿ. ನಿಂತ ನೀರು ಪಟ್ಟಿಯ ಮೇಲೆ ಜಾಸ್ತಿ ತೋರಿಸುತ್ತದೆ, ಹರಿಯುವುದು ಕಡಿಮೆ ಇರುತ್ತದೆ.

ಒಂದು ಕ್ಯೂಸೆಕ್ ಅಂದರೆ ಎಷ್ಟು? ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಹತ್ತಿರ ಹತ್ತಿರ 2 ಎಕರೆ ಅಡಿ, ಅಂದರೆ ಸುಮಾರು 24 ಲಕ್ಷ ಲೀಟರ್. 5 ಎಕರೆಗೆ ಹರಡಿದರೆ 12 ಸೆಂಟಿಮೀಟರ್ ಆಳ ಆಗುತ್ತದೆ ಅಷ್ಟೆ. ಈ ಲೆಕ್ಕ ತಲೆಯಲ್ಲಿದ್ದರೆ ಯಾರಾದರೂ "ಬೇಕಾದಷ್ಟು ನೀರಿದೆ" ಅಂದಾಗ ನೀವೇ ಗುಣಿಸಿ ನೋಡಬಹುದು.

ಹೊಳೆಯ ಮೇಲೆ "ಕಾಲ್" ಬಂದಾಗ

ಹಿರಿಯ ಹಕ್ಕಿನವರಿಗೆ ತಮ್ಮ ಪೂರ್ತಿ ನೀರು ಸಿಗದಿದ್ದಾಗ ಅವರು ಕಾಲ್ ಹಾಕುತ್ತಾರೆ, ಅಂದರೆ ನಮ್ಮ ಪಾಲು ಬಿಡಿ ಅಂತ ಕೇಳುತ್ತಾರೆ. ಆಗ ಡಿವಿಜನ್ ಎಂಜಿನಿಯರ್ ಕಚೇರಿ ಮೇಲ್ಗಡೆಯ ಕಿರಿಯ ಹಕ್ಕುಗಳನ್ನು ಹೊಸದರಿಂದ ಹಿಂದಕ್ಕೆ ಒಂದೊಂದಾಗಿ ಮುಚ್ಚಿಸುತ್ತಾ ಬರುತ್ತದೆ. ಹೊಲಕ್ಕೆ ಬಂದು ಹೇಳುವವರು ವಾಟರ್ ಕಮಿಷನರ್. ನಮ್ಮ ಕಣಿವೆಯ ಹಳೇ ಕಾಲುವೆಗಳು ಹಾಕುವ ಕಾಲ್‌ಗೆ ಕ್ಯಾಮಿಯೋ ಕಾಲ್ ಅಂತ ಹೆಸರು. ಇನ್ನೂ ಮೇಲೆ ಗ್ಲೆನ್‌ವುಡ್ ಕಣಿವೆಯಲ್ಲಿ ಶೋಶೋನ್ ಜಲವಿದ್ಯುತ್ ಕೇಂದ್ರದ 1,250 ಕ್ಯೂಸೆಕ್ ಹಕ್ಕು ಇದೆ, 1902ರದು. ಅದು ನೀರನ್ನು ಕುಡಿಯುವುದಿಲ್ಲ, ತಿರುಗಿಸಿ ನದಿಗೇ ಬಿಡುತ್ತದೆ. ಅದು ಕಾಲ್ ಹಾಕಿದರೆ ನೀರು ಬೆಟ್ಟದ ಆಚೆ ಸುರಂಗದಲ್ಲಿ ಹೋಗದೆ ನಮ್ಮ ಕಡೆ ಇಳಿಯುತ್ತದೆ. ಆಲ್ವಾ ಆಡಮ್ಸ್ ಸುರಂಗ ಒಂದೇ 21 ಕಿಲೋಮೀಟರ್ ಉದ್ದ, 1947ರಿಂದ ಪಶ್ಚಿಮದ ನೀರನ್ನು ಪೂರ್ವಕ್ಕೆ ಒಯ್ಯುತ್ತಿದೆ. ರಾಜ್ಯದ ಹೆಚ್ಚಿನ ಹಿಮ ಬೀಳುವುದು ಪಶ್ಚಿಮದಲ್ಲಿ, ಹೆಚ್ಚಿನ ಜನ ಇರುವುದು ಪೂರ್ವದಲ್ಲಿ.

"ನಮ್ಮ ಹೊಳೆಗೆ ಯಾವತ್ತೂ ಕಾಲ್ ಬಂದಿಲ್ಲ" ಅಂತ ಯಾರಾದರೂ ಹೇಳಿದರೆ ಯಾಂಪಾ ನದಿಯನ್ನು ನೆನೆಸಿಕೊಳ್ಳಿ. ಅಲ್ಲಿನವರೂ ಅದನ್ನೇ ಹೇಳುತ್ತಿದ್ದರು. 2018ರ ಬೇಸಿಗೆಯ ಕೊನೆಗೆ ಅದರ ಮುಖ್ಯ ಹರಿವಿನ ಮೇಲೆ ಮೊದಲ ಸಲ ಕಾಲ್ ಬಂತು. ಅಳತೆಯ ಫ್ಲೂಮ್ ಇಲ್ಲದೆ ಬೇಕಾದಷ್ಟು ತಿರುಗಿಸಿಕೊಳ್ಳುತ್ತಿದ್ದವರೆಲ್ಲ ಆಮೇಲೆ ಫ್ಲೂಮ್ ಹಾಕಿಸಬೇಕಾಯಿತು. ಕೊಳ್ಳುವ ಮೊದಲು ಇಲಾಖೆಯ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಾಲ್ ದಾಖಲೆ ತೆಗೆದು ನೋಡಿ. 2002, 2012, 2018, 2021 ಇವು ಒಣ ವರ್ಷಗಳು. ಆ ನಾಲ್ಕು ವರ್ಷದಲ್ಲಿ ನಿಮ್ಮ ಕಾಲುವೆ ಯಾವ ತಿಂಗಳವರೆಗೆ ಹರಿದಿದೆ ಅನ್ನುವುದೇ ಆ ಜಮೀನಿನ ನಿಜವಾದ ಜಾತಕ.

ನಮ್ಮವರು ಮಾಡುವ ತಪ್ಪುಗಳು

ಕೃಷಿ ಹೊಂಡ ತೋಡಬೇಡಿ. ಊರಲ್ಲಿ ಸರ್ಕಾರವೇ ದುಡ್ಡು ಕೊಟ್ಟು ತೋಡಿಸುತ್ತದೆ, ಇಲ್ಲಿ ನೀರು ಕೂಡಿಡಲು ಬೇರೆಯೇ ಹಕ್ಕು ಬೇಕು. ಕಾಲುವೆ ನೀರನ್ನು ಹೊಂಡದಲ್ಲಿ 72 ಗಂಟೆಗಿಂತ ಜಾಸ್ತಿ ಹಿಡಿದಿಟ್ಟರೆ ಅದು ಸಂಗ್ರಹ ಅಂತಲೇ ಲೆಕ್ಕ.

ಬೋರ್‌ವೆಲ್ ಕೊರೆಸುತ್ತೇನೆ ಅನ್ನುವ ಧೈರ್ಯವೂ ಬೇಡ. 35 ಎಕರೆಗಿಂತ ಸಣ್ಣ ಜಮೀನಿಗೆ ಸಾಮಾನ್ಯವಾಗಿ ಸಿಗುವುದು ಮನೆಯೊಳಗಿನ ಬಳಕೆಗೆ ಮಾತ್ರ ಪರವಾನಗಿ. ಹೊರಗೆ ಟೊಮೆಟೊ ಗಿಡಕ್ಕೂ ಆ ನೀರು ಹಾಕುವ ಹಾಗಿಲ್ಲ. 35 ಎಕರೆ ಇದ್ದರೆ ನಿಮಿಷಕ್ಕೆ 15 ಗ್ಯಾಲನ್‌ವರೆಗೆ ತೆಗೆದು ಒಂದು ಎಕರೆ ಕೈತೋಟ ಮಾಡಬಹುದು. ಹಳೇ ಬಾವಿ ಇದ್ದರೆ ಪರವಾನಗಿಯಲ್ಲಿ ಏನು ಬರೆದಿದೆ ಅಂತ ಓದಿ, ಮಾರುವವರು ಏನು ಮಾಡುತ್ತಿದ್ದರು ಅನ್ನುವುದು ಲೆಕ್ಕಕ್ಕಿಲ್ಲ.

ಮಳೆ ನೀರು? ಬೆಂಗಳೂರಿನಲ್ಲಿ ದೊಡ್ಡ ಸೈಟಿನ ಮನೆಯವರು ಮಳೆ ನೀರು ಹಿಡಿಯದಿದ್ದರೆ ದಂಡ. ಇಲ್ಲಿ 2016ರವರೆಗೆ ಹೆಚ್ಚಿನ ಮನೆಗಳವರು ಸೂರಿನ ನೀರಿಗೆ ಡ್ರಮ್ ಇಡುವುದೇ ಕಾನೂನಿಗೆ ವಿರುದ್ಧವಾಗಿತ್ತು, ಯಾಕೆಂದರೆ ಆ ಹನಿಯೂ ಕೆಳಗೆ ಯಾರದೋ ಹಕ್ಕಿನದು. ಈಗ ಎರಡು ಡ್ರಮ್ ಇಡಬಹುದು, ಎರಡೂ ಸೇರಿ 110 ಗ್ಯಾಲನ್, ಸುಮಾರು 416 ಲೀಟರ್. ಅಮ್ಮ ಬಂದಿದ್ದಾಗ ಇದನ್ನು ಎಷ್ಟು ಹೇಳಿದರೂ ನಂಬಲಿಲ್ಲ.

ಕೆಳಗಿನವರಿಗೆ ನೀರು ಒಯ್ಯುವ ಹೊಲಗಾಲುವೆ ನಿಮ್ಮ ಜಮೀನಿನಲ್ಲಿ ಹಾದು ಹೋಗಿದ್ದರೆ ಅದನ್ನು ಮುಚ್ಚಬೇಡಿ, ತಿರುಗಿಸಬೇಡಿ, ಪೈಪ್ ಹಾಕಬೇಡಿ. ಅವರ ಒಪ್ಪಿಗೆ ಬೇಕು, ಇಲ್ಲವೇ ಮೊದಲೇ ಕೋರ್ಟಿನ ಅನುಮತಿ ಬೇಕು ಅಂತ 2001ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದೆ. ಹೂಳು ತೆಗೆಯಲು ಅವರು ನಿಮ್ಮ ಜಮೀನಿನೊಳಗೆ ಬರಬಹುದು, ಅದು ಅವರ ಹಕ್ಕು. ಮಾರ್ಚ್‌ನಲ್ಲಿ ಅವರು ಗುದ್ದಲಿ ಹಿಡಿದು ಬಂದಾಗ ನೀವೂ ಇಳಿದು ಜೊತೆಗೆ ತೋಡಿ. ನನಗೆ ಇಲ್ಲಿ ಸಿಕ್ಕ ಒಳ್ಳೇ ಸ್ನೇಹಗಳೆಲ್ಲ ಆ ಕೆಸರಿನಲ್ಲೇ ಸಿಕ್ಕಿದ್ದು.

ಬಳಸದಿದ್ದರೆ ಹೋಗುತ್ತಾ?

ಈ ಮಾತು ಎಲ್ಲರ ಬಾಯಲ್ಲೂ ಇದೆ. 10 ವರ್ಷ ಸತತವಾಗಿ ಬಳಸದೆ ಬಿಟ್ಟರೆ ಹಕ್ಕನ್ನು ಕೈಬಿಟ್ಟಿದ್ದಾರೆ ಅಂತ ಭಾವಿಸಬಹುದು ಅನ್ನುವುದು ಕಾನೂನು. ಪ್ರತಿ 10 ವರ್ಷಕ್ಕೊಮ್ಮೆ ಡಿವಿಜನ್ ಎಂಜಿನಿಯರ್ ಅಂಥ ಹಕ್ಕುಗಳ ಪಟ್ಟಿ ಮಾಡುತ್ತಾರೆ. ಹಿಂದಿನದು 2020ರಲ್ಲಿ ಬಂತು, ಮುಂದಿನದು 2030ರಲ್ಲಿ. ನೀವು ಕೊಳ್ಳುವ ಹಕ್ಕು ಆ ಪಟ್ಟಿಯಲ್ಲಿತ್ತಾ ಅಂತ ನೋಡಿಕೊಳ್ಳಿ.

ಆದರೆ ಇದನ್ನು ತಪ್ಪು ತಿಳಿದು, ಹಕ್ಕು ಉಳಿಸಿಕೊಳ್ಳಲು ಅಂತ ಬೇಡದಿದ್ದರೂ ತೂಬು ಪೂರ್ತಿ ಎತ್ತಿಡುವವರು ಇದ್ದಾರೆ. ನನಗೆ ಇದು ನೋಡಲಾಗುವುದಿಲ್ಲ. ಹಕ್ಕು ಇರುವುದು ಉಪಯೋಗವಾದ ನೀರಿಗೆ, ಹೊಲದಲ್ಲಿ ಹರಿದು ಹೋದ ನೀರಿಗಲ್ಲ. ಬೇಡದ ನೀರು ಬಿಟ್ಟರೆ ಹಕ್ಕು ಒಂದು ಲೋಟವೂ ಬೆಳೆಯುವುದಿಲ್ಲ. ಸರ್ಕಾರ ಒಪ್ಪಿದ ನೀರುಳಿತಾಯ ಯೋಜನೆಯಲ್ಲಿ ಸೇರಿ ಹೊಲವನ್ನು ಬೀಳು ಬಿಟ್ಟರೆ ಆ ವರ್ಷಗಳನ್ನು ನಿಮ್ಮ ವಿರುದ್ಧ ಹಿಡಿಯುವುದೂ ಇಲ್ಲ. ಇನ್ನೊಂದು ವಿಷಯ, ನಮ್ಮ ಕಣಿವೆಯ ನೆಲದಡಿ ಇರುವುದು ಮ್ಯಾಂಕೋಸ್ ಶೇಲ್ ಅನ್ನುವ ಉಪ್ಪಿನ ಕಲ್ಲು. ಅತಿಯಾಗಿ ಬಿಟ್ಟ ನೀರು ಅದರೊಳಗೆ ಇಳಿದು ಉಪ್ಪನ್ನೂ ಸೆಲೆನಿಯಮ್ಮನ್ನೂ ಕರಗಿಸಿಕೊಂಡು ನದಿಗೆ ಸೇರುತ್ತದೆ. ಕೆಳಗಿನ ರೈತರ ಹೊಲ ಸವಳಾಗುತ್ತದೆ.

ನಮ್ಮ ತೂಬುಗಳ ಕೆಳಗೆ, ಗನ್ನಿಸನ್ ನದಿ ಬಂದು ಸೇರುವವರೆಗೆ ಕೊಲೊರಾಡೊ ನದಿಯ 15 ಮೈಲಿಯ ತುಂಡು ಇದೆ. ಆಗಸ್ಟ್ ಕೊನೆಗೆ ಒಮ್ಮೆ ಪ್ಯಾಲಿಸೇಡ್ ಸೇತುವೆ ಮೇಲೆ ನಿಂತು ನೋಡಿ. ಗ್ರ್ಯಾಂಡ್ ಕ್ಯಾನ್ಯನ್ ಕೊರೆದ ನದಿ ಅಲ್ಲಿ ಬಿಳಿ ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿರುತ್ತದೆ. ಅಳಿವಿನ ಅಂಚಿನಲ್ಲಿರುವ ಪೈಕ್‌ಮಿನ್ನೋ, ರೇಜರ್‌ಬ್ಯಾಕ್ ಸಕರ್ ಮೀನುಗಳು ಅಷ್ಟು ನೀರಿನಲ್ಲೇ ಬದುಕಬೇಕು. ನಾನು ಹೊಲ ಹದವಾದ ಕೂಡಲೇ ತೂಬು ಇಳಿಸಿ, ನಮ್ಮ ಡಿಚ್ ರೈಡರ್‌ಗೆ ಮೆಸೇಜ್ ಮಾಡುತ್ತೇನೆ. ಡಿಚ್ ರೈಡರ್ ಅಂದರೆ ಇಲ್ಲಿನ ನೀರುಗಂಟಿ, ಕಾಲುವೆ ಉದ್ದಕ್ಕೂ ಓಡಾಡಿ ಯಾರಿಗೆ ಎಷ್ಟು ಅಂತ ನೋಡುವವರು. ಬೇರೆಯವರ ತೂಬಿರಲಿ, ಬೀಗ ಹಾಕಿದ ನಿಮ್ಮದೇ ತೂಬನ್ನೂ ಅವರಿಗೆ ಹೇಳದೆ ಮುಟ್ಟಬೇಡಿ.

ಮೊದಲ ವರ್ಷ

ಕೊಂಡ ವಾರವೇ ಷೇರನ್ನು ಕಂಪನಿಯ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಮಾಡಿಸಿ, ಬಾವಿ ಇದ್ದರೆ ಪರವಾನಗಿಯ ಹೆಸರನ್ನೂ ಬದಲಿಸಿ. ವಂತಿಗೆ ಕಟ್ಟಿ. ಚಳಿಗಾಲದ ವಾರ್ಷಿಕ ಸಭೆಗೆ ತಪ್ಪದೆ ಹೋಗಿ, ಈ ವರ್ಷ ಹಿಮ ಎಷ್ಟು ಬಿದ್ದಿದೆ, ನೀರು ಯಾವಾಗ ಬಿಡುತ್ತಾರೆ, ಸರದಿ ಹೇಗೆ ಅನ್ನುವುದೆಲ್ಲ ಅಲ್ಲೇ ತಿಳಿಯುತ್ತದೆ. ಏಪ್ರಿಲ್‌ನಲ್ಲಿ ಮೊದಲ ನೀರು ಬರುವ ದಿನ ಹೊಲಗಾಲುವೆ ಉದ್ದಕ್ಕೂ ನೀರಿನ ಮುಂದೆ ಮುಂದೆ ನಡೆಯಿರಿ. ಒಣ ಎಲೆ, ಮುಳ್ಳುಕಳೆ, ಪ್ಲಾಸ್ಟಿಕ್ ಎಲ್ಲ ನೊರೆಯ ಜೊತೆ ತೇಲಿಕೊಂಡು ಬಂದು ತೂಬಿನ ಬಾಯಿಗೆ ಕಟ್ಟಿಕೊಳ್ಳುತ್ತದೆ, ಅದನ್ನು ಎತ್ತಿ ಹಾಕುತ್ತಾ ಹೋಗದಿದ್ದರೆ ನೀರು ದಂಡೆ ಮೀರಿ ಪಕ್ಕದವರ ಅಂಗಳಕ್ಕೆ ನುಗ್ಗುತ್ತದೆ.

ಒಂದು ನೋಟ್‌ಬುಕ್ ಇಡಿ. ತೂಬು ಎತ್ತಿದ ದಿನ, ಗಂಟೆ, ಫ್ಲೂಮ್ ಅಳತೆ, ಯಾವ ಸಾಲಿಗೆ ಬಿಟ್ಟಿರಿ, ಇಳಿಸಿದ ಗಂಟೆ. ಬಳಸಿದ್ದಕ್ಕೆ ಮುಂದೆ ಅದೇ ಸಾಕ್ಷಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಫ್ಲೂಮ್‌ನ ಫೋಟೋ ತೆಗೆಯಿರಿ, ಪಟ್ಟಿಯ ಅಂಕಿ ಕಾಣುವ ಹಾಗೆ. ನೀರು ಹಾಯಿಸಿದ ಮಾರನೇ ದಿನ ಗಿಡದ ಬುಡದಿಂದ ಎರಡು ಅಡಿ ದೂರದಲ್ಲಿ ಒಂದು ಗೇಣು ಅಗೆದು ಮಣ್ಣು ಹಿಡಿದು ನೋಡಿ. ಹಿಂಡಿದರೆ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಪುಡಿಯಾದರೆ ಹದ ಸರಿ ಇದೆ, ಮುಂದಿನ ಸರದಿಯವರೆಗೆ ತಡೆಯುತ್ತದೆ. ಬೆರಳಿಗೆ ನೀರು ಬಂದರೆ ಮುಂದಿನ ಸಲ ಎರಡು ಗಂಟೆ ಮುಂಚೆ ಇಳಿಸಿ.

ಗೆಳೆಯ ಮೊನ್ನೆ ಕಾಲುವೆ ಕಂಪನಿಯ ಆಫೀಸಿಗೆ ಹೋಗಿ ಬಂದ. ಆ 5 ಎಕರೆಗೆ 3 ಷೇರು ಇದೆ, ವಂತಿಗೆ ಎರಡು ವರ್ಷದ್ದು ಬಾಕಿ. ಬಾಕಿ ತೀರಿಸಿ, ಸರ್ಟಿಫಿಕೇಟ್ ನಂಬರ್ ಕರಾರಿಗೆ ಬರೆದರೆ ಮಾತ್ರ ಮುಂದಿನ ಮಾತು ಅಂತ ಮಾರುವವರಿಗೆ ಹೇಳಿದ್ದಾನಂತೆ. ಆಗಸ್ಟ್‌ನಲ್ಲಿ ಇಬ್ಬರೂ ಹೋಗಿ ಹೊಲಗಾಲುವೆ ನಡೆದು ನೋಡುವುದು ಅಂತ ಆಗಿದೆ.